ನಡೆಯೂ ಮೆಚ್ಚುಗೆಯೂ : ಕನ್ನಡ ಕ್ರೈಸ್ತ ಗದ್ಯದ ಎರಡು ಮಾತುಗಳು

ನಾಗಪುರದ ವಿಮಾನ ನಿಲ್ದಾಣದ ದಕ್ಷಿಣಕ್ಕೆ, ವಾರ್ಧಾ ರಸ್ತೆಯ ಬದಿಯಲ್ಲಿ, ಹಿಂದೆ ಖಾಪ್ರಿ, ದಹೇಗಾಂವ ಮೊದಲಾದ ಹಳ್ಳಿಗಳ ಎರೆಹೊಲಗಳಿದ್ದ ನೆಲದಲ್ಲಿ ಈಗ ಮಿಹಾನ್ ಎಂಬ ಉದ್ಯಮವಲಯ ಹಬ್ಬಿಕೊಂಡಿದೆ. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಇನ್ಫೋಸಿಸ್ ಸಂಸ್ಥೆಯ ಕಚೇರಿಯೂ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯೂ ಅಲ್ಲಿವೆ. ಅದೇ ರಸ್ತೆಯನ್ನು ಹಿಡಿದು ಇನ್ನೂ ದಕ್ಷಿಣಕ್ಕೆ ಸಾಗಿದರೆ ಬುಟಿಬೋರಿ. ಅದಕ್ಕೆ ಸಮೀಪದಲ್ಲಿ ಟಾಕಳಘಾಟ. 1863ರ ಸೆಪ್ಟೆಂಬರ್ 4ರಂದು ಸ್ಕಾಟ್ಲೆಂಡಿನ ಪಾದ್ರಿ ಸ್ಟೀಫನ್ ಹಿಸ್ಲಾಪರು ಈ ಟಾಕಳಘಾಟದಲ್ಲಿ ಪ್ರಾಚೀನ ಶಿಲಾವೃತ್ತಗಳನ್ನು ನೋಡಿ, ಅಲ್ಲಿಯ ಶಾಲೆಯೊಂದನ್ನು ಪರೀಕ್ಷಿಸಲು ಹಿಂದೆ ಉಳಿದು, ಕತ್ತಲಾದ ಮೇಲೆ ಒಬ್ಬರೇ ಬೋರಿಯ ಬಿಡಾರಕ್ಕೆ ಹೊರಟು, ತುಂಬಿ ಹರಿಯುತ್ತಿದ್ದ ಹಳ್ಳದಲ್ಲಿ ಮುಳುಗಿ ತೀರಿಕೊಂಡರು. ಸವಾರನಿಲ್ಲದ ಕುದುರೆ ಮಾತ್ರ ಬಿಡಾರವನ್ನು ಸೇರಿತು.

ಹಿಸ್ಲಾಪರು ನಾಗಪುರ ಪ್ರಾಂತಕ್ಕೆ ಬಂದುದು 1845ರಲ್ಲಿ. ಶಾಲೆಯನ್ನು ತೆರೆದರು; ಭೂಗರ್ಭಶಾಸ್ತ್ರದಲ್ಲಿ ಹೆಸರು ಪಡೆದರು; ಗೊಂಡರ ಮಾತುಗಳನ್ನೂ ಹಾಡುಗಳನ್ನೂ ಸಂಗ್ರಹಿಸಿದರು. ಆ ಸಂಗ್ರಹವನ್ನು ಅವರು ತೀರಿಕೊಂಡ ಬಳಿಕ ರಿಚರ್ಡ್ ಟೆಂಪಲರು 1866ರಲ್ಲಿ ಅಚ್ಚುಹಾಕಿಸಿದರು. (ಗೊಂಡಿಯಲ್ಲಿ ಕಣ್ಣಿಗೆ ಕನ್, ಕೈಗೆ ಕೈ, ಕಾಲಿಗೆ ಕಾಲ್. ನಾಗಪುರದ ಕನ್ನಡಿಗನು ತನ್ನ ಸೋದರಭಾಷೆಯನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ.) ಅವರ ಕಾಲದಲ್ಲಿ ಮತಾಂತರ ಹೊಂದಿದವರು ಹೆಚ್ಚು ಮಂದಿಯಲ್ಲ. ಹೀಗಿರುವಾಗ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಶಿಲೆಗಳ ಲಕ್ಷಣವನ್ನು ಗುರುತು ಹಾಕಿಕೊಂಡು, ಗೊಂಡರ ಪದಗಳನ್ನು ಬರೆದುಕೊಂಡು, ಹಳ್ಳಿಯ ಶಾಲೆಯೊಂದನ್ನು ಪರೀಕ್ಷಿಸಿ ಮುಗಿದ ಇಂಥ ಬಾಳನ್ನು, ದೇವರನ್ನು ಮೆಚ್ಚಿಸಿದ ಬಾಳೆಂದು ಕ್ರೈಸ್ತ ಬೋಧೆಯು ಯಾವ ಅರ್ಥದಲ್ಲಿ ಹೇಳೀತು? ಆ ಅರ್ಥವನ್ನು ಹೊರಲು ಕನ್ನಡದಲ್ಲಿ ಮಾತು ಸಿದ್ಧವಾಗಿದೆಯೇ?

ಸಿದ್ಧವಾಗಿದೆಯೆಂದು ಕನ್ನಡ ಬೈಬಲಿನ ಓದುಗರು ತಟ್ಟನೆ ಉತ್ತರಿಸಬಹುದು. ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ಆರಂಭಿಸಿದ ಕಾರ್ಯವು ವಿಲಿಯಂ ರೀವ್ ಮೊದಲಾದವರ ನೆರವಿನಿಂದ ಬೆಳೆದು, 1831ರ ಹೊತ್ತಿಗೆ ಸಮಗ್ರ ಬೈಬಲು ಕನ್ನಡದಲ್ಲಿ ದೊರೆಯುವಂತಾಯಿತು. ಅನಂತರ ಬಾಸೆಲ್ ಮಿಶನ್ನಿನ ವೈಗಲ್ ಮೊದಲಾದ ವಿದ್ವಾಂಸರು ಅದನ್ನು ತಿದ್ದಿದರು. ಈ ಪರಂಪರೆಯಲ್ಲಿ ನೆಲೆನಿಂತ ಶಬ್ದಗಳು ಮೂರು: ನಂಬಿಕೆ, ಕ್ರಿಯೆ, ಮೆಚ್ಚಿಸುವುದು. ಕ್ಯಾಥೊಲಿಕರ ಬಳಕೆಯಲ್ಲಿ ನಂಬಿಕೆಯ ಸ್ಥಾನವನ್ನು ವಿಶ್ವಾಸವು ಪಡೆದಿದೆ; ಅದು ಬೇರೆ ಚರ್ಚೆ. ಇಲ್ಲಿ ಪರಿಶೀಲಿಸತಕ್ಕದ್ದು ಮೂರನೆಯ ಮಾತು.

ಮೆಚ್ಚು ಎಂಬುದು ಹಳೆಯ ಮಾತು, ಅರಮನೆಯ ಮಾತು. ಆತಕೂರಿನ ಶಾಸನದಲ್ಲಿ ಅದರ ಸ್ವರೂಪ ನಿಚ್ಚಳವಾಗಿ ಕಾಣುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಮೇಲೆ, ಗಂಗರ ಬೂತುಗನು ತನ್ನ ಮುಂದೆ ನಿಂತು ಕಾದಿದ ಮಣಲೆರನಿಗೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು; ಮಣಲೆರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆಳು ಮಾಡಿದ ಕೆಲಸ, ಒಡೆಯನ ಮೆಚ್ಚುಗೆ, ಬಳಿಕ ಕೊಡುಗೆ: ಈ ಮೂರೂ ಒಂದೇ ಸರಪಳಿಯ ಕೊಂಡಿಗಳು. (ಇದೇ ಮೂರನೆಯ ಕೃಷ್ಣನ 940ರ ದೇವಳಿ ತಾಮ್ರಪಟವು ವಾರ್ಧಾದ ಬಳಿ ದೊರೆತಿದ್ದು, ಅದರಲ್ಲಿ ನಾಗಪುರದ ಹೆಸರು ಬರುತ್ತದೆ.) ಇಂದಿಗೂ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಮೇಲಧಿಕಾರಿಯ ಮೆಚ್ಚುಗೆಗಾಗಿ ಕಾಯುವವರಿಗೆ ಈ ಸರಪಳಿಯ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಪೌಲನ ಬೋಧೆಯ ತಿರುಳಾದರೋ ಈ ಸರಪಳಿಯನ್ನು ಕಡಿಯುವುದೇ ಆಗಿದೆ. ಅವನ ಪ್ರಕಾರ ಕೊಡುಗೆ ಮೊದಲು, ಕೆಲಸ ಅನಂತರ, ಕೃಪೆಯು ಕೂಲಿಯಲ್ಲ. ಆದುದರಿಂದ ಅರಮನೆಯ ವಾಸನೆ ಬಿಡದ ‘ಮೆಚ್ಚಿಸು’ ಎಂಬ ಶಬ್ದವು ಆ ಬೋಧೆಯನ್ನು ಹೊತ್ತಾಗ, ತಿಳಿಯದೆಯೇ ಅದನ್ನು ತಲೆಕೆಳಗು ಮಾಡುವ ಅಪಾಯವಿದೆ. ಕನ್ನಡದಲ್ಲಿ ಇನ್ನೊಂದು ಮಾತು ಇಲ್ಲದಿರಲಿಲ್ಲ. ‘ಒಲಿ’ ಎಂಬ ಧಾತು ವಚನಕಾರರ ಕೈಯಲ್ಲಿ ಪಕ್ವವಾಗಿತ್ತು. ದೈವವನ್ನು ಒಲಿಸುವ ಬಗೆಯನ್ನು ಕೇವಲ ದಿನನಿತ್ಯದ ನಡತೆಯ ವಿಧಿನಿಷೇಧಗಳಿಂದಲೇ ಹೇಳಿ ಮುಗಿಸಿದ ಬಸವಣ್ಣನವರ ವಚನವು ಇಂದು ಮಕ್ಕಳ ಬಾಯಲ್ಲಿಯೂ ಇದೆ. ಅನುವಾದಕರು ಈ ಧಾತುವನ್ನು ಮುಖ್ಯ ಪದವಾಗಿ ಆರಿಸಿಕೊಳ್ಳದೆ ಹೋದುದಕ್ಕೆ ಅದರ ಶೈವ ಸಂಸ್ಕಾರವೇ ಕಾರಣವಾಗಿರಬಹುದು. ಅಜ್ಞಾನವಂತೂ ಕಾರಣವಾಗಿರಲಾರದು. ಏಕೆಂದರೆ ಬಸವಪುರಾಣವನ್ನೂ ಹರಿದಾಸರ ಪದಗಳನ್ನೂ 1850ರಲ್ಲಿ ಅಚ್ಚಿಗೆ ತಂದವರು ಬಾಸೆಲ್ ಮಿಶನ್ನಿನ ಮೋಗ್ಲಿಂಗರೇ.

ಮೂಲವನ್ನು ಇನ್ನೂ ಹಿಂದಕ್ಕೆ ಅನುಸರಿಸಿದರೆ ಚರ್ಚೆಯು ಬೇರೊಂದು ದಾರಿಯನ್ನು ಹಿಡಿಯುತ್ತದೆ. ಆದಿಕಾಂಡದ ಐದನೆಯ ಅಧ್ಯಾಯದಲ್ಲಿ ಹನೋಕನೆಂಬ ಪುರುಷನ ವಿಷಯ ಎರಡು ಮಾತಿನಲ್ಲಿ ಬಂದುಹೋಗುತ್ತದೆ. ಅವನು ದೇವರೊಡನೆ ನಡೆದನೆಂದು ಹೀಬ್ರೂ ಮೂಲವು ಹೇಳುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆರಂಭವಾದ ಗ್ರೀಕ್ ಅನುವಾದವು ಇದೇ ವಾಕ್ಯವನ್ನು ಅವನು ದೇವರಿಗೆ ಮೆಚ್ಚಿಗೆಯಾದನೆಂದು ತಿರುಗಿಸಿತು. ನೋಹ, ಅಬ್ರಹಾಮರ ಪ್ರಸಂಗದಲ್ಲಿಯೂ ಹಾಗೆಯೇ. ಇಬ್ರಿಯರಿಗೆ ಬರೆದ ಪತ್ರಿಕೆಯ ಕರ್ತೃವು ಈ ಗ್ರೀಕ್ ಪಾಠವನ್ನು ಆಧರಿಸಿಯೇ, ನಂಬಿಕೆಯಿಲ್ಲದವನಿಗೆ ದೇವರ ಮೆಚ್ಚುಗೆಯು ದೊರಕದೆಂಬ ತನ್ನ ಪ್ರಸಿದ್ಧ ತೀರ್ಮಾನಕ್ಕೆ ಬರುತ್ತಾನೆ. ಎಂದರೆ ಕ್ರೈಸ್ತ ಬೋಧೆಯ ‘ಮೆಚ್ಚುಗೆ’ಯ ಬೇರಿನಲ್ಲಿರುವುದು ಒಡೆಯ ಆಳುಗಳ ಸಂಬಂಧವಲ್ಲ, ಜತೆಯಾಗಿ ನಡೆಯುವವರ ಸಂಬಂಧ. ಜತೆಗೆ ನಡೆದುದೇ ಮೆಚ್ಚುಗೆ. ನಡೆದುದಕ್ಕೆ ಪ್ರತಿಫಲವಾಗಿ ಬಂದುದು ಮೆಚ್ಚುಗೆಯಲ್ಲ. ಪ್ರವಾದಿ ಮೀಕನೂ ಸಾವಿರಾರು ಟಗರುಗಳಿಂದ ದೇವರು ಪ್ರಸನ್ನನಾದಾನೇ ಎಂದು ಕೇಳಿ, ನ್ಯಾಯ, ಕರುಣೆ ಮತ್ತು ವಿನಯದಿಂದ ದೇವರೊಡನೆ ನಡೆಯುವುದು ಇವೇ ಸಾಕೆಂದು ಉತ್ತರಿಸಿಕೊಂಡಿದ್ದನು.

ಕನ್ನಡಕ್ಕೆ ಈ ವಿಷಯದಲ್ಲಿ ದೊರೆತ ಸೌಕರ್ಯ ಅಸಾಧಾರಣವಾದುದು. ಸೆಮಿಟಿಕ್ ಭಾಷೆಯ ಈ ರೂಪಕವನ್ನು ಅನೇಕ ಭಾಷೆಗಳು ಎರವಲಾಗಿ ಪಡೆಯಬೇಕಾಗುತ್ತದೆ. ಕನ್ನಡದಲ್ಲಿ ಅದು ರೂಪಕವೇ ಅಲ್ಲ. ನಡೆ, ನಡತೆ, ನಡವಳಿಕೆ, ನಡೆದುಕೊಳ್ಳುವುದು, ಇವೆಲ್ಲವೂ ಕಾಲಿನ ಕೆಲಸದಿಂದಲೇ ಹುಟ್ಟಿ ಬಾಳಿನ ಕೆಲಸವನ್ನು ಹೇಳುವ ಮಾತುಗಳು. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ನಡೆಯುವುದೂ ಮೆಚ್ಚಿಸುವುದೂ ಒಂದೇ ವಾಕ್ಯದಲ್ಲಿ ಜೋಡಿಯಾಗಿ ಬರುತ್ತವೆ. ಕನ್ನಡದಲ್ಲಿ ಆ ವಾಕ್ಯವನ್ನು ಓದಿದವರಿಗೆ ಅನುವಾದದ ಗಂಟು ಎಲ್ಲಿಯೂ ತೊಡರುವುದಿಲ್ಲ. ಕ್ರೈಸ್ತ ಕನ್ನಡವು ಪಾದ್ರಿಗಳು ಕಟ್ಟಿದ ಕೃತಕಭಾಷೆಯೆಂದು ಜರೆಯುವವರು ಇಂಥ ಎಡೆಗಳನ್ನು ನೋಡಿದಂತಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ಯಾತ್ರಿಕನ ಸಂಚಾರ’ವು ಬನಿಯನ್ನನ ಕಥೆಯ ಕನ್ನಡ ರೂಪ. ಅದು ಓದುಗರನ್ನು ಹಿಡಿದುದಕ್ಕೆ ಕಾರಣ ಅದರ ಸಿದ್ಧಾಂತವಲ್ಲ. ಕಥೆಯುದ್ದಕ್ಕೂ ಒಬ್ಬ ಮನುಷ್ಯನು ಕಾಲೆಳೆದುಕೊಂಡು ನಡೆಯುತ್ತಾನೆ, ಕೆಸರಿನಲ್ಲಿ ಬೀಳುತ್ತಾನೆ, ಏಳುತ್ತಾನೆ ಎಂಬುದು. ಇದಕ್ಕೆ ಹೋಲಿಸಿದರೆ ಕಿಟೆಲರು 1862ರಲ್ಲಿ ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ ‘ಕಥಾಮಾಲೆ’ ವಿದ್ವತ್ತಿನ ದೃಷ್ಟಿಯಿಂದ ಮೇಲಾದುದು, ಆದರೆ ಷಟ್ಪದಿಯ ಗತಿಯು ಅಲ್ಲಿ ಯೇಸುವನ್ನು ಪುರಾಣಪುರುಷನ ಎತ್ತರಕ್ಕೆ ಏರಿಸಿ ಓದುಗನನ್ನು ಕೈಮುಗಿದು ನಿಲ್ಲುವಂತೆ ಮಾಡುತ್ತದೆ. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ದ ವಿಷಯ ಮರಣ, ಅನುಯಾಯಿಗಳ ನಿತ್ಯಜೀವನದ ಪ್ರಶ್ನೆಯನ್ನು ಆ ಕಾವ್ಯಕ್ಕೆ ಕೇಳುವುದು ಅನುಚಿತ.

ನಿಜವಾದ ತೊಡಕು ಪುಸ್ತಕದ ಹೊರಗೆ ಕಾಣಿಸಿಕೊಂಡಿತು. ಬಾಸೆಲ್ ಮಿಶನ್ನಿನವರಲ್ಲಿ ಅನೇಕರು ವ್ಯೂರ್ಟೆಂಬರ್ಗಿನ ಪಯಟಿಸ್ಟ್ ಸಂಪ್ರದಾಯದಲ್ಲಿ ಬೆಳೆದವರು. ನಡತೆಯಲ್ಲಿ ಕಾಣದ ನಂಬಿಕೆಯನ್ನು ಅವರು ನಂಬುತ್ತಿರಲಿಲ್ಲ. ಮತಾಂತರದಿಂದ ಜಾತಿಯ ಕಸುಬನ್ನು ಕಳೆದುಕೊಂಡವರಿಗೆ ದುಡಿಮೆ ಬೇಕಾಗಿತ್ತು. ನೇಯ್ಗೆಯ ಕಾರ್ಖಾನೆಗಳು ಎದ್ದವು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಎದ್ದಿತು. ಜಾತಿಯ ಕಟ್ಟಿನಿಂದ ಬಿಡುಗಡೆ ಹೊಂದಿದ ಕೈಗಳಿಗೆ ಅದರಿಂದ ಮರ್ಯಾದೆಯ ದುಡಿಮೆ ದೊರೆತುದನ್ನು ಅಲ್ಲಗಳೆಯಲಾಗದು. ಆದರೆ ಇದರೊಡನೆ ಇನ್ನೊಂದು ಪರಿಣಾಮವೂ ಆಯಿತು. ಕೂಲಿ ಕೊಡುವ ಸಂಸ್ಥೆಯೇ ಉಪದೇಶ ಮಾಡುವ ಸಂಸ್ಥೆಯೂ ಆದಾಗ, ದುಡಿಯುವವನು ಮೆಚ್ಚಿಸಬೇಕಾದುದು ಯಾರನ್ನು? ಮನುಷ್ಯರನ್ನು ಮೆಚ್ಚಿಸಲೆಳಸುವವನು ಕ್ರಿಸ್ತನ ದಾಸನಾಗಲಾರನೆಂಬ ಭಾವವನ್ನು ಪೌಲನು ಗಲಾತ್ಯದವರಿಗೆ ಬರೆದಿದ್ದನು. ಹೆಂಚಿನ ಭಟ್ಟಿಯ ಮುಂದೆ ಆ ಮಾತನ್ನು ಪಾಲಿಸುವುದು ಬೋಧಿಸಿದಷ್ಟು ಸುಲಭವಲ್ಲ. ಆತಕೂರಿನ ಸರಪಳಿಯು ಅಲ್ಲಿ ಮತ್ತೆ ಬಂದು ಕೂಡಿಕೊಂಡಿತು.

ಯಾಕೋಬನ ಪತ್ರಿಕೆಯನ್ನು ಕುರಿತ ವ್ಯಾಖ್ಯಾನಗಳ ದೋಷವೂ ಇದಕ್ಕೆ ಸಂಬಂಧಿಸಿದುದೇ. ಕ್ರಿಯೆಯಿಲ್ಲದ ನಂಬಿಕೆ ಸತ್ತುದೆಂಬ ಆ ಪತ್ರಿಕೆಯ ಎರಡನೆಯ ಅಧ್ಯಾಯದ ವಾದವನ್ನು ಪೌಲನ ವಾದದೊಡನೆ ತೂಗಿ ನೋಡುವುದರಲ್ಲಿ ಪಂಡಿತರ ಶಕ್ತಿಯೆಲ್ಲ ವ್ಯಯವಾಗಿದೆ. ಲೂಥರನು 1522ರ ತನ್ನ ಮುನ್ನುಡಿಯಲ್ಲಿ ಆ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದುದು ಪ್ರಸಿದ್ಧ. ಕನ್ನಡದ ಓದುಗರು ಇತ್ತ ಯಾಕೋಬನನ್ನು ಕಾಯಕತತ್ತ್ವದ ಪಕ್ಕದಲ್ಲಿ ಕುಳ್ಳಿರಿಸಿ ಸಂತೋಷಪಡುವುದುಂಟು. ಇದೂ ಅವಸರದ ಕೆಲಸ. ಯಾಕೋಬನು ಆ ಅಧ್ಯಾಯವನ್ನು ಆರಂಭಿಸುವುದು ಕಸುಬಿನ ಮಾತಿನಿಂದಲ್ಲ, ಪೀಠದ ಮಾತಿನಿಂದ. ಸಭೆಗೆ ಚಿನ್ನದ ಉಂಗುರ ತೊಟ್ಟವನೊಬ್ಬನೂ ಕೊಳಕು ಬಟ್ಟೆಯ ಬಡವನೊಬ್ಬನೂ ಬಂದಾಗ, ಮೊದಲಿನವನಿಗೆ ಒಳ್ಳೆಯ ಸ್ಥಳವನ್ನೂ ಎರಡನೆಯವನಿಗೆ ಕಾಲ್ಮಣೆಯ ಬಳಿಯ ನೆಲವನ್ನೂ ತೋರಿಸುವವರ ನಂಬಿಕೆ ಎಂಥದು ಎಂಬುದೇ ಅವನ ಪ್ರಶ್ನೆ. ಕ್ರಿಯೆ ಎಂದಾಗ ಅವನ ಕಣ್ಣಮುಂದೆ ಇದ್ದುದು ಇದು. ಕೆಳಗೆ ಕುಳ್ಳಿರಿಸುವ ವಿದ್ಯೆಯಲ್ಲಿ ನುರಿತ ನಮ್ಮ ದೇಶದಲ್ಲಿ ಈ ಪೂರ್ವಭಾಗವನ್ನು ಬಿಟ್ಟು ಉತ್ತರಭಾಗವನ್ನು ಮಾತ್ರ ವ್ಯಾಖ್ಯಾನಿಸುವುದು ಆಕಸ್ಮಿಕವೆಂದು ತೋರುವುದಿಲ್ಲ.

ಈ ಪ್ರಶ್ನೆಯನ್ನು ಎಲ್ಲರಿಗಿಂತ ನಿಷ್ಠುರವಾಗಿ ಕೇಳಿದ ಮಹನೀಯರ ಹೆಸರನ್ನೇ ಮಿಹಾನಿನ ಮಗ್ಗುಲಿನ ವಿಮಾನ ನಿಲ್ದಾಣವು ಹೊತ್ತಿದೆ. ಡಾ. ಅಂಬೇಡ್ಕರರು ಮತಾಂತರ ಹೊಂದಿದ ಕ್ರೈಸ್ತರ ಸ್ಥಿತಿಯನ್ನು ಕುರಿತು ಬರೆದ ಲೇಖನದಲ್ಲಿ, ಚರ್ಚಿನ ಒಳಗೂ ಜಾತಿಯು ಉಳಿದುದನ್ನು ಎತ್ತಿ ತೋರಿಸಿದರು. ಮಿಶನ್ನುಗಳ ವಿದ್ಯೆ, ವೈದ್ಯಗಳ ಫಲವು ಬಡ ಮತಾಂತರಿತರಿಗಿಂತ ಮೇಲುವರ್ಗದವರಿಗೇ ಹೆಚ್ಚಾಗಿ ಸಂದಿತೆಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಅನುಯಾಯಿಗಳೊಡನೆ ಸ್ವೀಕರಿಸಿದ ಧಮ್ಮದಲ್ಲಿ ನಡೆ ಉಂಟು, ಮೆಚ್ಚಬೇಕಾದ ದೇವರಿಲ್ಲ. ಕ್ರೈಸ್ತ ಬೋಧೆಗೆ ಇದಕ್ಕಿಂತ ಕಠಿಣವಾದ ವಿಮರ್ಶೆ ಬೇರೊಂದಿಲ್ಲ. ಮೆಚ್ಚುಗೆಯೆಂಬುದು ಮೇಲಿನವರನ್ನು ತಣಿಸುವ ಉಪಾಯವಾಗಿ ಇಳಿದಾಗ, ಅದನ್ನು ಪೂರ್ತಿಯಾಗಿ ಬಿಟ್ಟು ನಡೆಯೊಂದನ್ನೇ ಉಳಿಸಿಕೊಳ್ಳುವೆನೆಂಬವನಿಗೆ ಕೊಡಬಹುದಾದ ಉತ್ತರವು ವಾದದಲ್ಲಿಲ್ಲ. ಕೊಡಬಹುದಾದರೆ ಅದನ್ನು ಸಭೆಯ ಪೀಠಗಳ ಸಾಲಿನಲ್ಲಿ ಕೊಡಬೇಕು. 1970ರ ನವೆಂಬರ್ 29ರಂದು ಇದೇ ನಾಗಪುರದ ಆಲ್ ಸೇಂಟ್ಸ್ ಕ್ಯಾಥೀಡ್ರಲಿನಲ್ಲಿ ಆರು ಪಂಗಡಗಳು ಒಂದುಗೂಡಿ ಉತ್ತರ ಭಾರತದ ಐಕ್ಯಸಭೆಯಾದವು. ಪಂಗಡಗಳು ಕೂಡಿದುದು ದೊಡ್ಡ ಕಾರ್ಯ. ಆದರೆ ಅಂಬೇಡ್ಕರರು ಕೇಳಿದುದು ಪಂಗಡಗಳ ವಿಷಯವನ್ನಲ್ಲ.

ಹಿಸ್ಲಾಪರ ವಿಷಯದಲ್ಲಿಯೂ ಅತಿಸ್ತುತಿ ಸಲ್ಲದು. ಅವರು ತಮ್ಮ ಕಾಲದ ಆಂಗ್ಲ ಪ್ರಭುತ್ವದ ನೆರಳಿನಲ್ಲಿಯೇ ಕೆಲಸಮಾಡಿದವರು, ಅಧಿಕಾರಿಗಳ ಸಂಗಡ ಪ್ರವಾಸ ಮಾಡಿದವರು. ಹಾಗಿದ್ದರೂ ಆ ಸಂಜೆ ಅಧಿಕಾರಿಯ ತಂಡವನ್ನು ಮುಂದೆ ಬಿಟ್ಟು ಶಾಲೆಗಾಗಿ ಹಿಂದೆ ಉಳಿದುದನ್ನು ಬಣ್ಣಿಸಲು ‘ಮೆಚ್ಚಿಸು’ ಎಂಬ ಮಾತು ಹೊಂದಲಾರದು. ಹನೋಕನ ವಿಷಯದಲ್ಲಿ ಹೀಬ್ರೂ ಮೂಲವು ಬಳಸಿದ ಮಾತು ಹೊಂದುತ್ತದೆ. ಕನ್ನಡ ಬೈಬಲಿನ ಮುಂದಣ ಪರಿಷ್ಕರಣವನ್ನು ಕೈಕೊಳ್ಳುವ ವಿದ್ವಾಂಸರು ಆದಿಕಾಂಡದ ಆ ವಾಕ್ಯಕ್ಕೂ ಇಬ್ರಿಯರ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದ ವಾಕ್ಯಕ್ಕೂ ಒಂದೊಂದು ಅಡಿಟಿಪ್ಪಣಿಯನ್ನು ಸೇರಿಸಿ, ಒಂದರಿಂದ ಇನ್ನೊಂದಕ್ಕೆ ಓದುಗರನ್ನು ಕಳುಹಿಸುವುದು ಯುಕ್ತ. ‘ಮೆಚ್ಚಿಸು’ ಎಂಬ ಶಬ್ದವನ್ನು ತೆಗೆದುಹಾಕುವ ಅಗತ್ಯವಿಲ್ಲ. ಎರಡು ಶತಮಾನಗಳ ಬಳಕೆಯಿಂದ ಅದು ಸಭೆಗಳ ಪ್ರಾರ್ಥನೆಯೊಳಗೆ ಬೆರೆತುಹೋಗಿದೆ.