ಒಳ್ಳೆಯವರು ಸಪ್ಪೆಯಾಗುವುದೆಲ್ಲಿ?

ಫ್ಯಾಂಟಸಿ ಕಥೆಗಳ ಮೇಲೆ ಓದುಗರದೊಂದು ಹಳೆಯ ದೂರಿದೆ: ಖಳ ನೆನಪಿನಲ್ಲಿ ಉಳಿಯುತ್ತಾನೆ, ಸಜ್ಜನ ಮರೆತುಹೋಗುತ್ತಾನೆ. ಇದಕ್ಕೆ ಮೊದಲ ಕಾರಣ ಈ ಕಥೆಗಳು ಸಾಗುವ ರೀತಿಯಲ್ಲೇ ಇದೆ. ಸಂಚು ಹೂಡುವುದು, ದಂಡೆತ್ತಿ ಬರುವುದು, ಕೊಟ್ಟ ಮಾತು ಮುರಿಯುವುದು ಖಳನ ಪಾಲು. ಇರುವುದನ್ನು ಕಾಯುವುದು, ಬಂದದ್ದನ್ನು ತಾಳಿಕೊಳ್ಳುವುದು ಸಜ್ಜನನ ಪಾಲು. ಕಥೆಯನ್ನು ಮುಂದೆ ನೂಕುವವನ ಕಡೆಗೇ ಓದುಗರ ಕಣ್ಣು ಹೊರಳುತ್ತದೆ.

ಎರಡನೆಯ ಕಾರಣ, ಒಳ್ಳೆಯತನವನ್ನು ಹುಟ್ಟಿನ ಜೊತೆಗೇ ಕೊಟ್ಟುಬಿಡುವುದು. ರಾಜವಂಶದ ರಕ್ತ, ಹಿಂದೆಯೇ ನುಡಿದ ಭವಿಷ್ಯವಾಣಿ, ಅವನಿಗಾಗಿಯೇ ಕಾದಿರುವ ಕತ್ತಿ, ಇಷ್ಟಿದ್ದರೆ ನಾಯಕನ ಯೋಗ್ಯತೆ ತೀರ್ಮಾನವಾದಂತೆ. ಅವನು ಸುಳ್ಳಾಡುವುದಿಲ್ಲ, ಆಸೆಪಡುವುದಿಲ್ಲ, ಹೆದರುವುದಿಲ್ಲ. ಏನೇನು ಮಾಡುವುದಿಲ್ಲ ಎಂಬುದರಿಂದಲೇ ಕಟ್ಟಿದ ಪಾತ್ರಕ್ಕೆ ಮುಖ ಮೂಡುವುದು ಕಷ್ಟ.

ಮೂರನೆಯದು ಲೇಖಕನ ಮಿತಿ. ನಾರ್ನಿಯಾ ಕಥೆಗಳನ್ನು ಬರೆದ ಸಿ.ಎಸ್. ಲೂಯಿಸ್, ಅದಕ್ಕೂ ಮುಂಚೆ, 1942ರಲ್ಲಿ, ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್' ಕುರಿತ ಪುಸ್ತಕದಲ್ಲಿ ಇದನ್ನು ವಿವರಿಸಿದ. ತನಗಿಂತ ಕೆಟ್ಟವನನ್ನು ಚಿತ್ರಿಸಲು, ಒಳಗೆ ಕಟ್ಟಿಹಾಕಿದ ವಿಕಾರಗಳನ್ನು ಕಲ್ಪನೆಯಲ್ಲಿ ಬಿಚ್ಚಿದರೆ ಸಾಕು. ತನಗಿಂತ ಒಳ್ಳೆಯವನನ್ನು ಚಿತ್ರಿಸಲು, ಎಂದೋ ಕ್ಷಣಕಾಲ ಮುಟ್ಟಿದ ಎತ್ತರದಲ್ಲಿ ಉದ್ದಕ್ಕೂ ನಿಲ್ಲಬೇಕು ಎಂಬುದು ಅವನ ವಾದದ ಸಾರ. 1667ರ ಆ ಕಾವ್ಯದಲ್ಲಿ ಸೈತಾನನೇ ಎದ್ದು ಕಾಣುವುದನ್ನು ವಿಲಿಯಂ ಬ್ಲೇಕ್ ಮೊದಲ್ಗೊಂಡು ಅನೇಕರು ಗುರುತಿಸಿದ್ದಾರೆ.

ಹಾಗೆಂದು ಕೆಡುಕಿಗೇ ಸಹಜವಾದ ಸೆಳೆತವಿದೆ ಎನ್ನಲಾಗದು. ರನ್ನ 'ಗದಾಯುದ್ಧ'ದಲ್ಲಿ ನಾಯಕಪಟ್ಟವನ್ನು ಭೀಮನಿಗೆ ಕಟ್ಟಿದ್ದರೂ ಓದುಗರ ಮನಸ್ಸು ಹಿಡಿಯುವವನು ದುರ್ಯೋಧನ. ಅವನು ಮನಸ್ಸು ಹಿಡಿಯುವುದು ಕಪಟದಿಂದಲ್ಲ. ಹೆಣಗಳ ನಡುವೆ ನಡೆಯುತ್ತಾ ಕರ್ಣನಿಗಾಗಿ ಮರುಗುವಾಗ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯವನ್ನು ಮೆಚ್ಚುವಾಗ ಅವನು ದೊಡ್ಡವನಾಗುತ್ತಾನೆ. ಎಲ್ಲವನ್ನೂ ಕಳೆದುಕೊಂಡ ಹೊತ್ತಿನಲ್ಲಿ ಹೊರಬರುವ ಗುಣ ಅದು. ಸಜ್ಜನರ ಪಾತ್ರಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಇಂಥ ಹೊತ್ತೇ.

ಜೆ.ಆರ್.ಆರ್. ಟೋಲ್ಕಿನ್‌ನ 'ದಿ ಲಾರ್ಡ್ ಆಫ್ ದಿ ರಿಂಗ್ಸ್' (1954–55) ಈ ಚರ್ಚೆಯ ಮುಖ್ಯ ನಿದರ್ಶನ. ಅದರಲ್ಲಿ ಫರಾಮಿರ್ ಎಂಬ ಸೇನಾನಿ, ಲೋಕವನ್ನೇ ಆಳಿಸಬಲ್ಲ ಉಂಗುರ ಕೈಗೆಟಕುವಷ್ಟು ಹತ್ತಿರ ಬಂದಾಗ ಅದನ್ನು ಬೇಡವೆನ್ನುತ್ತಾನೆ. 2002ರ ಚಲನಚಿತ್ರದಲ್ಲಿ ಇದು ಬದಲಾಯಿತು: ಉಂಗುರವನ್ನು ನಾಶಮಾಡಲೆಂದು ಹೊತ್ತು ಹೊರಟ ಫ್ರೋಡೊನನ್ನು ಅವನು ಸೆರೆಹಿಡಿದು, ಉಂಗುರದ ಸಮೇತ ಎಳೆದೊಯ್ದು, ಕೊನೆಗೆ ಮನಸ್ಸು ಬದಲಿಸುತ್ತಾನೆ. ಒಬ್ಬನು ಸುಲಭವಾಗಿ ನಿರಾಕರಿಸಿದರೆ ಉಂಗುರದ ಸೆಳೆತವೇ ಪೊಳ್ಳೆನಿಸುತ್ತದೆ ಎಂಬುದು ಚಿತ್ರಕಥೆಗಾರರ ಸಮರ್ಥನೆ. ಆದರೆ ಕಾದಂಬರಿಯಲ್ಲಿ ಆ ನಿರಾಕರಣೆ ಬಿಟ್ಟಿಯಾಗಿ ಬಂದದ್ದಲ್ಲ. ಮುಂದಿನ ಸಂಪುಟದಲ್ಲಿ ತಂದೆ ಡೆನೆಥಾರ್ ಉಂಗುರ ಬಿಟ್ಟುಬಂದ ಮಗನನ್ನು ಹಳಿಯುತ್ತಾನೆ, ಸತ್ತ ಅಣ್ಣನ ಜಾಗದಲ್ಲಿ ಇವನೇ ಸಾಯಬಾರದಿತ್ತೇ ಎಂಬ ಆಸೆಯನ್ನು ಮರೆಮಾಚುವುದೂ ಇಲ್ಲ. ಅದರ ಬೆನ್ನಿಗೇ ಫರಾಮಿರ್ ಸಾವಿನ ದವಡೆಗೆ ಹೋಗುತ್ತಾನೆ. ಆಯ್ಕೆಯ ಬೆಲೆ ತಡವಾಗಿ ಕಾಣಿಸಿಕೊಂಡಿದೆ, ಅಷ್ಟೇ.

ಒಳ್ಳೆಯತನವನ್ನು ಘಟನೆಯನ್ನಾಗಿಸುವ ಕೆಲಸವನ್ನು ಟೋಲ್ಕಿನ್ ತಿದ್ದಿ ತಿದ್ದಿಯೇ ಮಾಡಿದ. 1937ರ 'ದಿ ಹಾಬಿಟ್'ನ ಮೊದಲ ಆವೃತ್ತಿಯಲ್ಲಿ ಗವಿಯ ಕತ್ತಲಲ್ಲಿ ಬದುಕುವ ಗಾಲಮ್ ಒಗಟಿನ ಪಂದ್ಯ ಸೋತು, ಕಥಾನಾಯಕ ಬಿಲ್ಬೊಗೆ ತಾನೇ ಹೊರದಾರಿ ತೋರಿಸುತ್ತಾನೆ. 1951ರ ಪರಿಷ್ಕೃತ ಆವೃತ್ತಿಯಲ್ಲಿ ಅವನು ಹೊರದಾರಿಗೆ ಅಡ್ಡ ಕೂತಿದ್ದಾನೆ. ಅದೇ ಉಂಗುರ ತೊಟ್ಟ ಬಿಲ್ಬೊ ಯಾರಿಗೂ ಕಾಣದಂತಿದ್ದಾನೆ, ಕೈಯಲ್ಲಿ ಕತ್ತಿಯಿದೆ, ಇರಿದರೆ ಕೆಲಸ ಮುಗಿಯಿತು. ಆಗಲೇ ಎದುರಿನ ಜೀವ ಕತ್ತಲಲ್ಲಿ, ಕಲ್ಲು ಮತ್ತು ತಣ್ಣನೆಯ ಮೀನಿನ ನಡುವೆ ಕಳೆದ ಕೊನೆಯಿಲ್ಲದ ದಿನಗಳು ಅವನ ಕಣ್ಣ ಮುಂದೆ ಬರುತ್ತವೆ. ಇರಿಯದೆ ಗಾಲಮ್‌ನ ತಲೆಯ ಮೇಲಿಂದ ಹಾರಿಬಿಡುತ್ತಾನೆ. ಕರುಣೆ ಇಲ್ಲಿ ಸ್ವಭಾವದ ವರ್ಣನೆಯಾಗಿ ಉಳಿಯದೆ, ಪ್ರಾಣವನ್ನೇ ಪಣಕ್ಕಿಟ್ಟ ಕ್ರಿಯೆಯಾಗಿದೆ.

ಇನ್ನೊಂದು ದಾರಿ, ಸಜ್ಜನನಿಗೆ ಅವನದೇ ಆದ ರುಚಿ ಕೊಡುವುದು. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಫ್ರೋಡೊನ ಜೊತೆಗಾರನಾದ ತೋಟದ ಮಾಲಿ ಸ್ಯಾಮ್ ಸ್ವಲ್ಪ ಹೊತ್ತು ಉಂಗುರ ಹೊತ್ತಾಗ, ಬರಡು ನಾಡನ್ನೆಲ್ಲ ಹೂದೋಟ ಮಾಡುವ ಕನಸು ತೋರಿಸಿ ಅದು ಅವನನ್ನು ಸೆಳೆಯುತ್ತದೆ. ಸ್ವಂತ ಕೈಯಿಂದ ನೋಡಿಕೊಳ್ಳಬಹುದಾದ ಚಿಕ್ಕ ತೋಟವೊಂದೇ ಸಾಕೆಂಬ ವಿವೇಕ ಅವನನ್ನು ಉಳಿಸುತ್ತದೆ. ಆಮಿಷವೂ ಅದರಿಂದ ಪಾರಾಗುವ ಬಗೆಯೂ ಒಬ್ಬ ಮಾಲಿಗೇ ಒಪ್ಪುವಂಥವು.

ಫ್ರೋಡೊ ಕೊನೆಯ ಗಳಿಗೆಯಲ್ಲಿ ಸೋತು ಉಂಗುರ ತನ್ನದೆನ್ನುತ್ತಾನೆ. ಅದು ನಾಶವಾಗುವುದು, ಬಿಲ್ಬೊ, ಫ್ರೋಡೊ, ಸ್ಯಾಮ್ ಮೂವರೂ ಒಮ್ಮೊಮ್ಮೆ ಕೊಲ್ಲದೆ ಬಿಟ್ಟ ಗಾಲಮ್ ಇನ್ನೂ ಬದುಕಿದ್ದರಿಂದ. ಕಥೆಯ ಮುಕ್ತಾಯವನ್ನೇ ನಿರ್ಧರಿಸುವ ದಯೆಯನ್ನು ಯಾರೂ ನೀರಸವೆನ್ನುವುದಿಲ್ಲ. ಏನನ್ನೂ ತೆರದೆ, ಏನನ್ನೂ ಬದಲಿಸದೆ ಬರೀ ಹೊಗಳಿಸಿಕೊಳ್ಳುವ ಸದ್ಗುಣದ ಮಟ್ಟಿಗೆ ಮಾತ್ರ ಓದುಗರ ದೂರು ನ್ಯಾಯವಾದದ್ದು.