ಮಲಬಾರದ ಉದ್ಯಾನವೂ ಮಣಿಲಾಲರ ಪರಿಶ್ರಮವೂ

ವಿಶ್ವವಿದ್ಯಾನಿಲಯಗಳು ವರ್ಷಕ್ಕೊಮ್ಮೆ ಹೊರಡಿಸುವ ವರದಿಗಳಲ್ಲಿ ಅಧ್ಯಾಪಕವರ್ಗದ ವಿದ್ವತ್ಸಾಧನೆಗಳೆಂಬ ಭಾಗವೊಂದು ತಪ್ಪದೆ ಇರುತ್ತದೆ. ಯಾರು ಎಷ್ಟು ಪ್ರಬಂಧಗಳನ್ನು ಪ್ರಕಟಿಸಿದರು, ಯಾವ ಸಮ್ಮೇಳನಕ್ಕೆ ಹೋಗಿ ಬಂದರು, ಯಾರಿಗೆ ಯಾವ ಪಾರಿತೋಷಿಕ ದೊರೆಯಿತು ಎಂಬುದೆಲ್ಲ ಅಲ್ಲಿ ಕ್ರಮವಾಗಿ ನಮೂದಾಗುತ್ತದೆ. ಈ ಲೆಕ್ಕ ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಆದರೆ ಒಂದೇ ಗ್ರಂಥವನ್ನು ಹಿಡಿದು ಮೂವತ್ತೈದು ವರ್ಷಗಳಷ್ಟು ಕಾಲ ದುಡಿದ ಅಧ್ಯಾಪಕನನ್ನು ಯಾವ ವರ್ಷದ ವರದಿಯಲ್ಲಿ ಸೇರಿಸಬೇಕು? ಕಲ್ಲಿಕೋಟೆ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ|| ಕೆ. ಎಸ್. ಮಣಿಲಾಲರು ೨೦೨೫ರ ಜನವರಿ ೧ರಂದು ದಿವಂಗತರಾದರು. ಅವರ ಮುಖ್ಯ ಕೃತಿಯನ್ನು ಕನ್ನಡ ವಾಚಕರ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆ ಕೃತಿ 'ಹೊರ್ತುಸ್ ಮಲಬಾರಿಕುಸ್', ಎಂದರೆ ಮಲಬಾರದ ಉದ್ಯಾನ, ಎಂಬ ಲ್ಯಾಟಿನ್ ಮಹಾಗ್ರಂಥದ ಸಂಪೂರ್ಣ ಇಂಗ್ಲಿಷ್ ಅನುವಾದ. ಹನ್ನೆರಡು ಸಂಪುಟಗಳ ಈ ಅನುವಾದವನ್ನು ತಿರುವನಂತಪುರದ ಕೇರಳ ವಿಶ್ವವಿದ್ಯಾನಿಲಯವು ೨೦೦೩ರಲ್ಲಿ ಪ್ರಕಟಿಸಿತು. ಮಲೆಯಾಳ ಆವೃತ್ತಿ ೨೦೦೮ರಲ್ಲಿ ಹೊರಬಂದಿತು. ಒಂದು ವಿಶ್ವವಿದ್ಯಾನಿಲಯದ ಅಧ್ಯಾಪಕರ ಶ್ರಮದ ಫಲವನ್ನು ಮತ್ತೊಂದು ವಿಶ್ವವಿದ್ಯಾನಿಲಯವು ತನ್ನದೆಂದೇ ಭಾವಿಸಿ ಇಷ್ಟು ದೊಡ್ಡ ವೆಚ್ಚಕ್ಕೆ ಕೈಹಾಕುವುದು ನಮ್ಮ ಕಡೆ ಅಷ್ಟಾಗಿ ಕಾಣುವ ಸಂಗತಿಯಲ್ಲ.

ಮೂಲಗ್ರಂಥದ ಇತಿಹಾಸವನ್ನು ಸ್ವಲ್ಪ ಹೇಳಬೇಕು. ಡಚ್ಚರು ೧೬೬೩ರಲ್ಲಿ ಪೋರ್ತುಗೀಸರಿಂದ ಕೊಚ್ಚಿಯನ್ನು ವಶಪಡಿಸಿಕೊಂಡರು. ಕೆಲವು ವರ್ಷಗಳ ತರುವಾಯ ಅಲ್ಲಿನ ಅಧಿಪತಿಯಾಗಿ ಬಂದ ಹೆಂಡ್ರಿಕ್ ಆಡ್ರಿಯಾನ್ ವಾನ್ ರೀಡ್ ಎಂಬಾತ ಮಲಬಾರದ ಗಿಡಮರಗಳನ್ನು ಕಂಡು ಬೆರಗಾಗಿ, ಅವುಗಳ ರೂಪ, ನಾಮ, ಔಷಧಗುಣಗಳನ್ನು ದಾಖಲುಮಾಡಿಸುವ ಕಾರ್ಯಕ್ಕೆ ತೊಡಗಿದನು. ಆಮ್‌ಸ್ಟರ್ಡ್ಯಾಮಿನಲ್ಲಿ ೧೬೭೮ರಿಂದ ೧೬೯೩ರವರೆಗೆ ಹನ್ನೆರಡು ಸಂಪುಟಗಳು ಅಚ್ಚಾದವು. ವರ್ಣಿತವಾದ ಸಸ್ಯಗಳು ಏಳುನೂರಕ್ಕೂ ಹೆಚ್ಚು. ವಾನ್ ರೀಡನು ಮಾತ್ರ ೧೬೯೧ರಲ್ಲಿಯೇ ಸೂರತ್ತಿಗೆ ಹೋಗುವ ಹಡಗಿನಲ್ಲಿ ತೀರಿಕೊಂಡನು. ಕಡೆಯ ಸಂಪುಟವನ್ನು ಅವನು ಕಾಣಲಿಲ್ಲ.

ಗ್ರಂಥದ ಮೇಲೆ ಇರುವ ಹೆಸರು ಅವನದು. ಗ್ರಂಥದೊಳಗಿನ ವಿದ್ಯೆ ಯಾರದು? ಮೊದಲನೆಯ ಸಂಪುಟದಲ್ಲಿಯೇ ಇದಕ್ಕೆ ಉತ್ತರ ದೊರೆಯುತ್ತದೆ. ಚೇರ್ತಲದ ಬಳಿಯ ಕಡಕ್ಕರಪ್ಪಳ್ಳಿಯ ಈಳವ ವೈದ್ಯರಾದ ಇಟ್ಟಿ ಅಚ್ಚುದನ್ ಅವರು ೧೬೭೫ರ ಏಪ್ರಿಲ್ ೨೦ರಂದು ಕೊಟ್ಟ ಪ್ರಮಾಣಪತ್ರ ಕೋಲೆಳುತ್ತು ಲಿಪಿಯಲ್ಲಿದೆ. ತಮ್ಮ ಮನೆತನದ ಗ್ರಂಥದಲ್ಲಿ ಇದ್ದುದನ್ನೂ ತಮಗೆ ಅನುಭವದಿಂದ ತಿಳಿದುದನ್ನೂ ಹೇಳಿ ಬರೆಯಿಸಿದುದಾಗಿ ಅವರು ಅದರಲ್ಲಿ ತಿಳಿಸಿದ್ದಾರೆ. ಕೊಚ್ಚಿಯ ಕೊಂಕಣಿ ಬ್ರಾಹ್ಮಣ ವೈದ್ಯರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರ ಪತ್ರ ನಾಗರೀ ಲಿಪಿಯಲ್ಲಿದೆ. ಹೀಗೆ ಮಲೆಯಾಳ ಲಿಪಿಯೂ ನಾಗರೀ ಲಿಪಿಯ ಕೊಂಕಣಿಯೂ ಅಚ್ಚಿನಲ್ಲಿ ಮೊಟ್ಟಮೊದಲು ಕಾಣಿಸಿಕೊಂಡದ್ದು ಹಾಲೆಂಡಿನಲ್ಲಿ, ತಾಮ್ರದ ತಗಡಿನ ಮೇಲೆ ಕೊರೆದ ಈ ಪತ್ರಗಳಲ್ಲಿ ಎಂದು ವಿದ್ವಾಂಸರು ಎಣಿಸುತ್ತಾರೆ. ಎರವಲು ಪಡೆದ ವಿದ್ಯೆಗೆ ರಸೀದಿಯನ್ನು ಗ್ರಂಥದ ಬಾಗಿಲಿನಲ್ಲಿಯೇ ತೂಗುಹಾಕಿದ ಸೌಜನ್ಯ ಆ ಕಾಲದ ಯೂರೋಪಿಯನ್ನರಲ್ಲಿ ವಿರಳ. ಈ ಕಾಲದ ನಮ್ಮಲ್ಲಿಯೂ ಹೇರಳವೆಂದು ಹೇಳಲಾರೆವು.

ಇಷ್ಟಾದರೂ ಇಟ್ಟಿ ಅಚ್ಚುದನ್ ಅವರ ಮಾತು ನಮಗೆ ನೇರವಾಗಿ ಉಳಿದಿಲ್ಲ. ಅವರು ಮಲೆಯಾಳದಲ್ಲಿ ಹೇಳಿದ್ದನ್ನು ದುಭಾಷಿಯು ಪೋರ್ತುಗೀಸಿಗೆ ತಿರುಗಿಸಿದನು. ಅಲ್ಲಿಂದ ಅದು ಡಚ್ಚಿಗೆ, ಡಚ್ಚಿನಿಂದ ಕಾಸೇರಿಯುಸ್ ಮೊದಲಾದವರ ಕೈಯಲ್ಲಿ ಲ್ಯಾಟಿನ್ನಿಗೆ ಹೋಯಿತು. ಆ ಮೇಲೆ ಮುನ್ನೂರು ವರ್ಷಗಳವರೆಗೆ ಗ್ರಂಥವು ಲ್ಯಾಟಿನ್ ಬಲ್ಲವರ ಸ್ವತ್ತಾಗಿ ನಿಂತಿತು. ಲಿನ್ನೇಯಸನು ೧೭೫೩ರ ತನ್ನ ಪ್ರಸಿದ್ಧ ಕೃತಿಯಲ್ಲಿ ನಮ್ಮ ದೇಶದ ಸಸ್ಯಗಳನ್ನು ಹೆಸರಿಸುವಾಗ ಇದನ್ನು ಮತ್ತೆ ಮತ್ತೆ ಉಲ್ಲೇಖಿಸಿದನು. ಗಿಡವನ್ನು ಕಣ್ಣಾರೆ ಕಾಣದೆ, ಇಲ್ಲಿನ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು ಅವನು ನಾಮಕರಣ ಮಾಡಿದ ಸಂದರ್ಭಗಳೂ ಉಂಟು. ಕನ್ನಡಿಗರಿಗೆ ಪರಿಚಿತನಾದ ಬುಕಾನನ್ ಕೂಡ ಇಲ್ಲಿ ಎದುರಾಗುತ್ತಾನೆ. ೧೮೦೦-೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರಗಳನ್ನು ಸುತ್ತಿ ೧೮೦೭ರಲ್ಲಿ ಪ್ರವಾಸಗ್ರಂಥವನ್ನು ಪ್ರಕಟಿಸಿದ ಆತನೇ, ಹ್ಯಾಮಿಲ್ಟನ್ ಎಂಬ ಹೆಸರು ತಳೆದ ಮೇಲೆ, ೧೮೨೨ರಿಂದ ಹೊರ್ತುಸಿನ ಮೇಲೆ ವ್ಯಾಖ್ಯಾನವನ್ನು ಬರೆಯತೊಡಗಿದನು. ನಮ್ಮ ಇತಿಹಾಸಕಾರರು ಅವನ ಪ್ರವಾಸದ ಪುಟಗಳನ್ನು ಬಹಳ ಬಳಸಿಕೊಂಡರು. ವ್ಯಾಖ್ಯಾನದ ಕಡೆಗೆ ಅಷ್ಟಾಗಿ ತಿರುಗಲಿಲ್ಲ.

ಮಣಿಲಾಲರ ಹಿರಿಮೆ ಬರಿಯ ಭಾಷಾಂತರದಲ್ಲಿಲ್ಲ. ಅವರು ಲ್ಯಾಟಿನ್ ಕಲಿತರು; ಅದಕ್ಕಿಂತ ಕಷ್ಟವಾದ ಕೆಲಸವೆಂದರೆ ವಾನ್ ರೀಡನ ಗಿಡಗಳನ್ನು ಹುಡುಕಿಕೊಂಡು ಕೇರಳದ ನೆಲವನ್ನು ತಮ್ಮ ಶಿಷ್ಯರೊಡನೆ ಮತ್ತೆ ತುಳಿದದ್ದು. ಮೂರು ಶತಮಾನದ ಹಿಂದಿನ ಚಿತ್ರದಲ್ಲಿರುವುದು ಇಂದಿನ ಯಾವ ಸಸ್ಯ ಎಂಬುದನ್ನು ಗ್ರಂಥಾಲಯದಲ್ಲಿ ಕುಳಿತು ನಿರ್ಣಯಿಸಲು ಸಾಧ್ಯವಿಲ್ಲ. ನಿಕೋಲ್ಸನ್ ಮತ್ತು ಸುರೇಶ್ ಅವರೊಡನೆ ೧೯೮೮ರಲ್ಲಿ ಹೊರತಂದ ಸಸ್ಯನಿರ್ಣಯದ ಗ್ರಂಥವು ಈ ಸಿದ್ಧತೆಯ ಫಲ. ಅದಿಲ್ಲದಿದ್ದರೆ ೨೦೦೩ರ ಅನುವಾದವು ಹಳೆಯ ಪುಸ್ತಕವೊಂದರ ಮರುಮುದ್ರಣವಾಗುತ್ತಿತ್ತೇ ಹೊರತು ಶಾಸ್ತ್ರಕೃತಿಯಾಗುತ್ತಿರಲಿಲ್ಲ. ಡಚ್ ಸರ್ಕಾರದ ಗೌರವ ೨೦೧೨ರಲ್ಲಿ, ಪದ್ಮಶ್ರೀ ೨೦೨೦ರಲ್ಲಿ ಬಂದವು. ಆಗ ಅವರಿಗೆ ಎಂಬತ್ತು ದಾಟಿತ್ತು.

ಇನ್ನು ಆಕ್ಷೇಪಣೆಯ ಮಾತು. ಮಣಿಲಾಲರ ಕಣ್ಣು ಸಸ್ಯಶಾಸ್ತ್ರಜ್ಞನ ಕಣ್ಣು. ಗಿಡ ಯಾವುದೆಂದು ನಿರ್ಣಯವಾದೊಡನೆ ದೇಶೀಯ ನಾಮದ ಕೆಲಸ ಅವರಿಗೆ ಮುಗಿಯಿತು. ಭಾಷಾಭ್ಯಾಸಿಗೆ ಅಲ್ಲಿಂದಲೇ ಕೆಲಸ ಪ್ರಾರಂಭ. ಹೊರ್ತುಸಿನ ಮೊದಲನೆಯ ಸಸ್ಯ 'ತೆಂಗ'. ಅನತಿದೂರದಲ್ಲಿಯೇ ಅಡಿಕೆಯ ಮರ 'ಕವುಂಗ'. ನಮ್ಮ ಕರಾವಳಿಯವನಿಗೆ ತೆಂಗು, ಕಂಗುಗಳನ್ನು ಬಿಡಿಸಿ ಹೇಳಬೇಕಾದುದಿಲ್ಲ. ಏಲಕ್ಕಿಗೆ ಅಲ್ಲಿ 'ಏಲೆತ್ತರಿ' ಎಂದಿದೆ. ಶಾಸ್ತ್ರಜ್ಞರು ಕುಲನಾಮವಾಗಿ ಸ್ವೀಕರಿಸಿದ 'ಎಲೆಟ್ಟಾರಿಯ' ಈ ಮಾತೇ. ಮಲೆಯಾಳದ ಅರಿ ನಮ್ಮ ಅಕ್ಕಿ. ಏಲದ ಅರಿ ಏಲತ್ತರಿಯಾದಂತೆ ಏಲದ ಅಕ್ಕಿ ಏಲಕ್ಕಿಯಾಯಿತು. ಎರಡು ಭಾಷೆಗಳು ಒಂದು ಬೀಜವನ್ನು ಒಂದೇ ರೀತಿಯಲ್ಲಿ ಕಂಡಿವೆ.

ಬಸಳೆಯ ಸಂಗತಿ ಇದಕ್ಕಿಂತ ತೊಡಕಿನದು. ಶಾಸ್ತ್ರೀಯ ನಾಮವಾದ 'ಬಸೆಲ್ಲ' ಹೊರ್ತುಸಿನಿಂದಲೇ ಬಂದುದು. ಮಲೆಯಾಳಿಗಳು ಇಂದು ವಶಳಚ್ಚೀರ ಎನ್ನುತ್ತಾರೆ. ತಮಿಳರಿಗೆ ಅದು ಪಸಲೆ. ಕೊಂಕಣಿಗರ ಮನೆಗಳಲ್ಲಿ ವಾಳಿ. ಪದಾದಿಯ ಬಕಾರ ಸ್ಪಷ್ಟವಾಗಿ ಉಳಿದಿರುವುದು ಕನ್ನಡದ ಬಸಳೆಯಲ್ಲಿ. ಹಾಗಾದರೆ ಆ ಬಕಾರ ಎಲ್ಲಿಯದು? ಬಡಗಣಿಂದ ಬಂದವನೊಬ್ಬನ ಉಚ್ಚಾರಣೆಯೇ, ಪಕಾರವನ್ನು ಬಕಾರವಾಗಿ ಕೇಳಿದ ಪರದೇಶಿಯ ಕಿವಿಯ ದೋಷವೇ, ಅಥವಾ ಹದಿನೇಳನೆಯ ಶತಮಾನದ ಕೊಚ್ಚಿಯ ಮಾತಿನಲ್ಲಿಯೇ ಆ ರೂಪವಿದ್ದಿತೆ? ಕನ್ನಡದ ಪರವಾಗಿ ತೀರ್ಪು ಕೊಡಲು ಮನಸ್ಸು ತವಕಿಸುತ್ತದೆ. ಒಂದೇ ಶಬ್ದದಿಂದ ಅಂತಹ ತೀರ್ಪು ಕೊಡುವುದು ಅವಸರವಾದೀತು. ನೂರಾರು ನಾಮಗಳನ್ನು ಸಾಲಾಗಿಟ್ಟು, ಡಚ್ಚರು ಚಕಾರಕ್ಕೆ ಯಾವ ಅಕ್ಷರಗಳನ್ನು ಬರೆಯುತ್ತಿದ್ದರು, ಪೋರ್ತುಗೀಸ್ ದುಭಾಷಿಯು ವಕಾರವನ್ನು ಹೇಗೆ ಕೇಳುತ್ತಿದ್ದನು ಎಂದು ಮೊದಲು ಗೊತ್ತುಮಾಡಬೇಕು. ಚಿತ್ರಗಳ ಮೇಲೆ ಮಲೆಯಾಳ, ಅರಬ್ಬಿ, ನಾಗರೀ ಲಿಪಿಗಳಲ್ಲಿಯೂ ಹೆಸರು ಕೊರೆದಿರುವುದರಿಂದ ತಾಳೆನೋಡುವ ಸೌಕರ್ಯವಿದೆ.

ತಿರುವನಂತಪುರಕ್ಕೆ ಇದು ಅಸಾಧ್ಯವಾದ ಕೆಲಸವಾಗಿರಲಿಲ್ಲ. ಶೂರನಾಡು ಕುಞ್ಞನ್ ಪಿಳ್ಳೆಯವರ ಸಂಪಾದಕತ್ವದಲ್ಲಿ ಮಲೆಯಾಳ ಮಹಾನಿಘಂಟಿನ ಮೊದಲ ಸಂಪುಟ ೧೯೬೫ರಲ್ಲಿ ಹೊರಟದ್ದು ಅದೇ ವಿಶ್ವವಿದ್ಯಾನಿಲಯದಿಂದ. ಡಾ|| ವಿ. ಐ. ಸುಬ್ರಹ್ಮಣ್ಯಂ ಅವರು ಭಾಷಾವಿಜ್ಞಾನ ವಿಭಾಗವನ್ನು ಕಟ್ಟಿ ಬೆಳಸಿ, ೧೯೭೧ರಲ್ಲಿ ದ್ರಾವಿಡ ಭಾಷಾವಿಜ್ಞಾನ ಸಂಘವನ್ನು ಸ್ಥಾಪಿಸಿದ್ದೂ ಅದೇ ಊರಿನಲ್ಲಿ. ನಿಘಂಟುಕಾರರೂ ಭಾಷಾವಿಜ್ಞಾನಿಗಳೂ ಸಸ್ಯಶಾಸ್ತ್ರಜ್ಞರೊಡನೆ ಒಂದೇ ಮೇಜಿನ ಸುತ್ತ ಕುಳಿತಿದ್ದರೆ ಹದಿಮೂರನೆಯದಾಗಿ ನಾಮಕೋಶದ ಸಂಪುಟವೊಂದು ಸಿದ್ಧವಾಗುತ್ತಿತ್ತು. ಮಣಿಲಾಲರ ಕೃತಿಯ ಬಗೆಗೆ ನಮ್ಮ ಕೊರತೆ ಇದೊಂದೇ; ಅದೂ ಅವರೊಬ್ಬರ ತಲೆಗೆ ಹೊರಿಸುವಂಥದಲ್ಲ.

ನಮ್ಮವರ ಸ್ಥಿತಿಯನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಕಿಟ್ಟೆಲರ ೧೮೯೪ರ ಕೋಶದಲ್ಲಿ ಸಸ್ಯನಾಮಗಳು ವಿಪುಲವಾಗಿವೆ. ಸಸ್ಯಶಾಸ್ತ್ರವನ್ನು ಕನ್ನಡದಲ್ಲಿ ರಸವತ್ತಾಗಿ ಹೇಳಬಹುದೆಂಬುದನ್ನು ೧೯೭೮ರಲ್ಲಿ ಅಕಾಡೆಮಿಯ ಪ್ರಶಸ್ತಿ ಪಡೆದ 'ಹಸುರು ಹೊನ್ನು' ಕೃತಿಯಿಂದ ಬಿ. ಜಿ. ಎಲ್. ಸ್ವಾಮಿಯವರು ತೋರಿಸಿಕೊಟ್ಟರು. ಆದರೆ ಕಾಸರಗೋಡಿನ ಕನ್ನಡಿಗನು ಒಂದು ಗಿಡವನ್ನು ಏನೆಂದು ಕರೆಯುತ್ತಾನೆ, ಅದೇ ಗಿಡಕ್ಕೆ ನೆರೆಮನೆಯ ತುಳುವನೂ ಮಲೆಯಾಳಿಯೂ ಕೊಡುವ ಹೆಸರೇನು ಎಂಬುದನ್ನು ಹೊರ್ತುಸಿನ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಕೇಳಿ ಬರೆಯುವ ಕೆಲಸ ಬೇರೆ. ನಾಲ್ಕು ಭಾಷೆಗಳು ಒಂದೇ ಬೇಲಿಯ ಆಚೀಚೆ ಬಾಳುವ ಆ ಊರುಗಳಲ್ಲಿ ಇದಕ್ಕೆ ಲ್ಯಾಟಿನ್ ಬೇಕಾಗಿಲ್ಲ, ದೊಡ್ಡ ಧನಸಹಾಯವೂ ಬೇಕಾಗಿಲ್ಲ. ಮಲೆಯಾಳವನ್ನೂ ಓದಬಲ್ಲ ಕನ್ನಡದ ಅಧ್ಯಾಪಕರು ಅಲ್ಲಿ ಇದ್ದಾರೆ. ೨೦೦೮ರ ಆವೃತ್ತಿಯು ಅವರ ಕೈಗೆಟುಕುವಂಥದು. ಏಳನೆಯ ಸಂಪುಟದ ಬಸಳೆಯ ಚಿತ್ರದಿಂದಲೇ ಬೇಕಾದರೆ ಪ್ರಾರಂಭಿಸಬಹುದು.