ತಲಾಖಿನ ಕಥೆಗಳಲ್ಲಿ ಕಾಣದ ಲೆಕ್ಕ

ಕನ್ನಡದಲ್ಲಿ ತಲಾಖಿನ ಬಗ್ಗೆ ಬಂದ ಕಥೆ ಕಾದಂಬರಿಗಳನ್ನು ಒಟ್ಟಿಗಿಟ್ಟು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲಿ ತಲಾಖ್ ಎಂದರೆ ಒಂದು ಮಾತು. ಅದು ಗಂಡಸಿನ ಬಾಯಿಂದ ಹೊರಬೀಳುತ್ತದೆ, ಹೆಣ್ಣಿನ ಬದುಕು ಮುರಿದು ಬೀಳುತ್ತದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದವರು ನಾದಿರಾಳಿಗಾಗಿ ಮರುಗಿದ್ದು ಆ ಮಾತಿನ ಕಾರಣಕ್ಕೆ. ಮರುಗಬೇಕಾದದ್ದೇ. ಆದರೆ ಜಮಾಅತಿನ ಪಂಚಾಯಿತಿಯಲ್ಲೋ ಕೋರ್ಟಿನ ಜಗಲಿಯಲ್ಲೋ ಒಂದು ದಿನ ಕುಳಿತು ನೋಡಿದವರಿಗೆ ಬೇರೊಂದು ಸತ್ಯ ಗೊತ್ತಿರುತ್ತದೆ. ಅಲ್ಲಿ ಮಾತು ಯಾವತ್ತೋ ಮುಗಿದಿರುತ್ತದೆ. ಜಗಳ ಉಳಿದಿರುವುದು ಚಿನ್ನದ ಬಗ್ಗೆ, ಮಹರಿನ ಬಗ್ಗೆ, ಮಗುವಿನ ಶಾಲೆಯ ಫೀಸಿನ ಬಗ್ಗೆ.

ಈ ದೃಷ್ಟಿಯಿಂದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಮತ್ತೆ ಓದಬೇಕು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಇದನ್ನು ಹೊಸದಾಗಿ ಓದಿದವರು ಬಹಳ ಮಂದಿ. ಅಲ್ಲಿ ಅಶ್ರಫ್‌ಳನ್ನು ಗಂಡ ಯಾಕೂಬ್ ಕೈಬಿಟ್ಟಿದ್ದಾನೆ. ಹೆತ್ತದ್ದು ಮೂರೂ ಹೆಣ್ಣು ಎಂಬುದು ಅವನ ಸಿಟ್ಟು. ಕಾಯಿಲೆ ಬಿದ್ದ ಕೂಸಿನ ಮದ್ದಿಗೆ ಅವಳಲ್ಲಿ ದುಡ್ಡಿಲ್ಲ. ಮುತವಲ್ಲಿಯ ಮುಂದೆ ಅವಳು ಇಡುವ ಬೇಡಿಕೆ ದೊಡ್ಡದೇನಲ್ಲ, ಹಕ್ಕಿನ ಹಣ. ಮುತವಲ್ಲಿ ಇಲ್ಲ ಎನ್ನುವುದಿಲ್ಲ. ಅವನು ಮಾಡುವುದು ತಡ. ನಮ್ಮ ಸಮಾಜದಲ್ಲಿ ಹೆಣ್ಣಿನ ಹಣ ನುಂಗುವ ಅತ್ಯಂತ ಸಭ್ಯ ವಿಧಾನ ಇದು. ಯಾರೂ ಧರ್ಮದ ವಿರುದ್ಧ ಮಾತಾಡಬೇಕಿಲ್ಲ, ಮುಂದಿನ ಶುಕ್ರವಾರ ನೋಡೋಣ ಅಂದರೆ ಸಾಕು. ಹಸಿದವರಿಗೆ ಮಾತ್ರ ತಡಕ್ಕೂ ಒಂದು ಬೆಲೆಯಿದೆ.

ಇಷ್ಟನ್ನು ಕಂಡ ಕಥೆ ಕೊನೆಗೆ ಕೂಸನ್ನು ಸಾಯಿಸುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಮಸೀದಿಯ ಮುಂದೆ ಮಗು ಸತ್ತ ಮೇಲೆ ಯಾಕೂಬ್ ಎಷ್ಟು ಕೊಡಬೇಕಿತ್ತು ಎಂದು ಯಾರೂ ಕೇಳುವುದಿಲ್ಲ. ಓದುಗನೂ ಕೇಳುವುದಿಲ್ಲ. ಸಾವು ಇಡೀ ಊರನ್ನು ಅಪರಾಧಿಯಾಗಿಸುತ್ತದೆ, ಅದೇ ಹೊತ್ತಿಗೆ ಬಾಕಿ ಲೆಕ್ಕವನ್ನು ಅಳಿಸಿಯೂ ಹಾಕುತ್ತದೆ. ಮಗು ಬದುಕಿದ್ದರೆ ಯಾಕೂಬ್ ತಿಂಗಳು ತಿಂಗಳು ಕೊಡಬೇಕಾಗಿತ್ತು, ಅಶ್ರಫ್ ತಿಂಗಳು ತಿಂಗಳು ಕೇಳಬೇಕಾಗಿತ್ತು. ಆ ನಿತ್ಯದ ಕೇಳುವಿಕೆಯ ಅವಮಾನ ಸಾವಿಗಿಂತ ಸಣ್ಣದು ನಿಜ. ಆದರೆ ನಮ್ಮ ನಡುವಿನ ಹೆಚ್ಚಿನ ಹೆಣ್ಣುಮಕ್ಕಳು ಬದುಕುತ್ತಿರುವುದು ಅದರಲ್ಲೇ. ಕಥೆಯ ನಿಜವಾದ ಧೈರ್ಯ ಇರುವುದು ಹೆಂಗಸರ ಶಾಪದಲ್ಲಿ, ಮುತವಲ್ಲಿಯ ಹೆಂಡತಿ ಅಮೀನಾ ಆಪರೇಷನ್ನಿಗೆ ಹೊರಟು ನಿಲ್ಲುವಲ್ಲಿ. ಅಲ್ಲಿ ಸಿಟ್ಟಿಗೆ ಮೈ ಬರುತ್ತದೆ.

ಇದೇ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಮಾಡಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಅದಕ್ಕೆ ಅವರು ಅರ್ಹರು. ಚಿತ್ರಕ್ಕೆ ಬಂದದ್ದು ಕುಟುಂಬ ಕಲ್ಯಾಣದ ವಿಭಾಗದ ಪ್ರಶಸ್ತಿ! ತನ್ನ ಹಣಕ್ಕಾಗಿ ಮಸೀದಿಯ ಮುಂದೆ ಕುಳಿತ ಹೆಣ್ಣಿನ ಕಥೆ ಸರ್ಕಾರದ ಕಣ್ಣಿಗೆ ಮಕ್ಕಳ ಸಂಖ್ಯೆಯ ಕಥೆಯಾಗಿ ಕಂಡಿತೆಂದರೆ ದೋಷ ಚಿತ್ರದ್ದಲ್ಲ, ನೋಡಿದವರದ್ದು.

ಹಾಗೆ ನೋಡಿದರೆ ದೇಶವೇ ಒಮ್ಮೆ ಹೀಗೆ ತಪ್ಪಾಗಿ ಓದಿದೆ. ಶಾಬಾನು ಪ್ರಕರಣದಲ್ಲಿ ಎಲ್ಲರಿಗೂ ನೆನಪಿರುವುದು ಶರೀಅತ್ ಮತ್ತು ಸಂವಿಧಾನದ ಜಗಳ. ತೀರ್ಪಿನ ಒಳಗಿನ ಅಂಕಿಗಳು ಎಷ್ಟು ಜನರಿಗೆ ನೆನಪಿವೆ? ಇಂದೋರಿನ ಈ ಹೆಣ್ಣುಮಗಳ ಮದುವೆಯಾದದ್ದು 1932ರಲ್ಲಿ. 1975ರಲ್ಲಿ ಅವರನ್ನು ಮನೆಯಿಂದ ಹೊರಹಾಕಲಾಯಿತು. ವಕೀಲನಾದ ಗಂಡನ ವರಮಾನ ವರ್ಷಕ್ಕೆ ಸುಮಾರು 60,000 ರೂಪಾಯಿ ಎಂದು ಹೇಳಿ, 1978ರ ಏಪ್ರಿಲ್‌ನಲ್ಲಿ ತಿಂಗಳಿಗೆ 500 ರೂಪಾಯಿ ಜೀವನಾಂಶ ಕೇಳಿದರು. ಅದೇ ವರ್ಷದ ನವೆಂಬರ್ 6ರಂದು ಗಂಡ ತಲಾಖ್ ಹೇಳಿದ. ಈ ಎರಡು ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮನೆಯಿಂದ ಹೊರಹಾಕಿದಾಗ ಬಾರದ ತಲಾಖ್ ಹಣ ಕೇಳಿದ ಮೇಲೆ ಬಂತು. ಇದ್ದತ್ತಿನ ಹೊತ್ತಿನಲ್ಲಿ 3,000 ರೂಪಾಯಿ ಮಹರನ್ನು ಕೋರ್ಟಿನಲ್ಲಿಟ್ಟು, ತನ್ನ ಬಾಕಿ ತೀರಿತು ಎಂಬುದು ಅವನ ವಾದ. ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅದರ ವಿರುದ್ಧ ಆತ ಸುಪ್ರೀಂ ಕೋರ್ಟಿನವರೆಗೂ ಹೋದ. 1985ರ ಏಪ್ರಿಲ್‌ನಲ್ಲಿ ಅಲ್ಲಿಯೂ ಸೋತ. ನ್ಯಾಯಾಧೀಶರು ಅಷ್ಟಕ್ಕೇ ನಿಲ್ಲಿಸದೆ ಸಮಾನ ನಾಗರಿಕ ಸಂಹಿತೆಯ ಮಾತೆತ್ತಿದರು, ನಮ್ಮ ಮುಖಂಡರು ದೀನ್ ಅಪಾಯದಲ್ಲಿದೆ ಎಂದರು. 20 ಪೈಸೆ ಇಬ್ಬರಿಗೂ ಕಾಣಿಸಲಿಲ್ಲ.

ಹಣ ಕೊಡುವ ಗಂಡಸಿನ ಅಸಮಾಧಾನವನ್ನೂ ಕೇಳಬೇಕು. ಸಂಬಂಧವೇ ಇಲ್ಲದವಳಿಗೆ ಯಾಕೆ ಕೊಡಲಿ ಎಂದು ಅವನು ಕೇಳುತ್ತಾನೆ. ದಿನಗೂಲಿಯವನ ಬಾಯಲ್ಲಿ ಈ ಪ್ರಶ್ನೆಗೆ ತೂಕವಿದೆ. ಉತ್ತರ ಕುರ್‌ಆನಿನಲ್ಲೇ ಇದೆ. ಅಲ್‌ಬಕರ ಅಧ್ಯಾಯದ 236ನೇ ವಚನ ಉಳ್ಳವನಿಗೂ ಇಲ್ಲದವನಿಗೂ ಅವರವರ ಶಕ್ತಿಯ ಅಳತೆಯನ್ನು ಇಡುತ್ತದೆ. 241ನೇ ವಚನ ವಿಚ್ಛೇದಿತೆಯರಿಗೆ ಮತಾಅ್ ಕೊಡುವುದನ್ನು ದೇವಭಯವುಳ್ಳವರ ಹೊಣೆಯಾಗಿ ಹೇಳುತ್ತದೆ. ಅನ್ನಿಸಾ ಅಧ್ಯಾಯದ 20ನೇ ವಚನದಂತೆ ರಾಶಿ ಸಂಪತ್ತು ಕೊಟ್ಟಿದ್ದರೂ ಮರಳಿ ಕೇಳುವಂತಿಲ್ಲ. ಆದರೆ ನಮ್ಮಲ್ಲಿ ನಡೆಯುವುದೇನು? ಗಂಡ ತಲಾಖ್ ಕೊಡದೆ ಸತಾಯಿಸುತ್ತಾನೆ, ಹೆಣ್ಣು ಬೇಸತ್ತು ಖುಲಾ ಕೇಳುತ್ತಾಳೆ. ಆಗ ಮಹರ್ ಬಿಡಬೇಕು, ಚಿನ್ನ ಮರೆಯಬೇಕು, ಕೆಲವೊಮ್ಮೆ ಮೇಲೆ ದುಡ್ಡನ್ನೂ ಕೊಡಬೇಕು. ಸಾಬಿತ್ ಇಬ್ನ್ ಕೈಸ್ ಅವರ ಪತ್ನಿ ಮಹರಾಗಿ ಪಡೆದ ತೋಟವನ್ನು ಹಿಂತಿರುಗಿಸಿ ಬಿಡುಗಡೆ ಪಡೆದ ಪ್ರಸಂಗವನ್ನು ಪಂಚರು ಉತ್ಸಾಹದಿಂದ ನೆನಪಿಸುತ್ತಾರೆ. ಆಕೆಗೆ ಗಂಡನ ಗುಣನಡತೆಯ ಮೇಲೆ ದೂರಿರಲಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಕಾನೂನು ಈ ಮಧ್ಯೆ ಬಹಳ ದೂರ ಬಂದಿದೆ. ಶಾಬಾನು ತೀರ್ಪನ್ನು ತಡೆಯಲೆಂದು 1986ರಲ್ಲಿ ಬಂದ ಕಾಯ್ದೆಯನ್ನೇ 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣ ತಿರುವಿ ಹಾಕಿತು. ಇದ್ದತ್ತಿನ ಒಳಗೆ ಕೊಡಬೇಕು, ಆದರೆ ಅವಳ ಮುಂದಿನ ಬದುಕಿಗೆ ಸಾಕಾಗುವಷ್ಟು ಕೊಡಬೇಕು ಎಂದು. 2024ರ ಜುಲೈನಲ್ಲಿ ತೆಲಂಗಾಣದ ಪ್ರಕರಣವೊಂದರಲ್ಲಿ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ 125ನೇ ಕಲಮಿನ ಬಾಗಿಲೂ ತೆರೆದೇ ಇದೆ ಎಂದಿತು. 2025ರ ಡಿಸೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ, ಮದುವೆಯ ಹೊತ್ತಿಗೆ ತಂದೆ ವರನಿಗೆ ಕೊಟ್ಟ ಹಣ, ಚಿನ್ನವೂ ವಿಚ್ಛೇದಿತೆಗೆ ಹಿಂತಿರುಗಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು.

ಆ ಮೊಕದ್ದಮೆಯಲ್ಲಿ ನಿಕಾಹಿನ ನೋಂದಣಿ ಪುಸ್ತಕದಲ್ಲಿ ಏನು ಬರೆದಿತ್ತು ಎಂಬುದೇ ದೊಡ್ಡ ವಾದವಾಯಿತು. ನಮ್ಮ ಜಮಾಅತುಗಳ ನಿಕಾಹ್ ಪುಸ್ತಕಗಳಲ್ಲಿ ಮಹರಿಗೆ ಜಾಗ ಇರುತ್ತದೆ. ಹುಡುಗಿಯ ಮನೆಯಿಂದ ಹೋದ ಪವನುಗಳನ್ನು ಬರೆಯಲು ಎಷ್ಟು ಪುಸ್ತಕಗಳಲ್ಲಿ ಜಾಗವಿದೆ, ಬರೆಯಿರಿ ಎಂದು ಎಷ್ಟು ಮಂದಿ ತಂದೆಯರು ಬಾಯಿಬಿಟ್ಟು ಕೇಳುತ್ತಾರೆ? ಮದುವೆಯ ದಿನ ಅದನ್ನು ಕೇಳಲಾರದೆ ಸುಮ್ಮನೆ ಕುಳಿತ ಒಬ್ಬ ತಂದೆಯ ಕಥೆಯನ್ನು ನಮ್ಮ ಕಥೆಗಾರರು ಬರೆಯಬೇಕು. ಅದರಲ್ಲಿ ಯಾರೂ ಸಾಯಬೇಕಾಗಿಲ್ಲ.